ಕರಿ ಚೆಂಡಿನ ಬೆನ್ನುಹತ್ತಿ ಗುಂಡಿಗಿಳಿದ ಬಿಳಿ ಚೆಂಡಿನವರಿಗೆ

ಮಾನ್ಯ ಬಿಳಿ ಚೆಂಡಿನವರೇ,

ಮಿರಜ ಸ್ಟೇಶನ್ನಿನ ಎದುರಿನ ಗಲ್ಲಿಯಲ್ಲಿ ನನ್ನ ಅಕ್ಕನ ಗಂಡ ತೆರೆದಿರುವ ಪೂಲ್ ಆಟದ ಅಂಗಡಿಯ ಹಸಿರು ಮೇಜಿನ ಮೇಲೆ ಸುಖವಾಗಿ ನೆಲೆಸಿರುವ ತಮ್ಮ ಸನ್ನಿಧಿಗೆ, ಕವಲಾಪುರದ ಕುರಿ ಸಾಕುವ ಅಮಸಿದ್ದನು ತಲೆಬಾಗಿ ನಮಸ್ಕರಿಸಿ, ಊರೆಲ್ಲ ಓದಲೆಂದೇ ಬರೆದುಕೊಳ್ಳುವ ದೂರು ಇದು. ಇತ್ತ ನಾವು ಕ್ಷೇಮ. ತಮ್ಮ ಕ್ಷೇಮವನ್ನು ಕೇಳುವ ಅಗತ್ಯವೇ ಇಲ್ಲ, ಏಕೆಂದರೆ ಎಷ್ಟು ಬಡಿದರೂ ತಮ್ಮ ಮೈಮೇಲೆ ಒಂದು ಗೀರೂ ಬೀಳದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನನಗೆ ಹೆಣ್ಣು ಕೂಸು ಹುಟ್ಟಿತು. ತೀರಿಹೋದ ನಮ್ಮವ್ವ ದುಂಡವ್ವನ ಹೆಸರನ್ನೇ ಅದಕ್ಕೆ ಇಡಬೇಕೆಂದು ನನ್ನ ಜೀವ ಹಂಬಲಿಸಿತು. ಆದರೆ ತೊಟ್ಟಿಲ ಕಾರ್ಯದ ದಿನ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರುವ ಹಕ್ಕು ನಮ್ಮಲ್ಲಿ ಸೋದರತ್ತೆಯದು, ಅವಳ ಬಾಯಿಂದ ಬಂದದ್ದೇ ಹೆಸರು, ಮತ್ತು ಆ ಸೋದರತ್ತೆಯಾದ ನನ್ನ ಅಕ್ಕ ಸುಮನ 'ಪ್ರಣಾಲಿ' ಎಂದು ಪಟ್ಟು ಹಿಡಿದು ಕೂತಳು. "ದುಂಡವ್ವ ಅಂದ್ರ ಸಾಲ್ಯಾಗ ಪೋರಿಗೆ ಕಾಡ್ತಾರೋ ಖೋಡಿ! ನಾ ಆತ್ಯಾ ಅದೇನಿ, ನಾ ಅಂದದ್ದ ಹೆಸರು. ಒಪ್ಪಂಗಿಲ್ಲಂದ್ರ ಟೇಬಲ್ ಮ್ಯಾಲ ನನ್ನ ಸೋಲಿಸಿ ತೋರ್ಸು" ಎಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಕ್ಕ ಕೋಲು ಹಿಡಿದಳೆಂದರೆ ಡಾಕ್ಟರಿಕೆ ಓದುವ ಹುಡುಗರೂ ತೆಪ್ಪಗೆ ಗೋಡೆಗೆ ಒರಗಿ ನಿಲ್ಲುತ್ತಾರೆಂಬುದು ತಮಗೆ ಗೊತ್ತೇ ಇದೆ.

ನನಗೆ ಆಟ ಕಲಿಸಿದವಳೂ ಅಕ್ಕನೇ. ಏನೂ ಬಾರದವನನ್ನು ಸೋಲಿಸಿದರೆ ತನಗೆ ಯಾವ ಮಾನ ಎಂಬುದು ಅವಳ ವಾದ. ದಿನಾಲೂ ಕುರಿಗಳನ್ನು ಹಟ್ಟಿಯಲ್ಲಿ ಕೂಡಿಹಾಕಿ, ಮೈಯೆಲ್ಲ ಕುರಿ ವಾಸನೆ ಹೊತ್ತು ಮಿರಜಕ್ಕೆ ಬಂದು, ತಮ್ಮ ಮುಂದೆ ಸೊಂಟ ಮುರಿಯುವಂತೆ ಬಾಗಿ ನಿಂತೆ. ಇಡೀ ಹಿಂಡನ್ನು ಒಂದು ಸಿಳ್ಳಿಗೆ ತಿರುಗಿಸುವ ನಾನು ತಮಗೂ ಸಿಳ್ಳು ಹಾಕಿ ನೋಡಿದೆ. ತಾವು ಕದಲಲಿಲ್ಲ, ಆ ಗಾಂಭೀರ್ಯಕ್ಕೆ ಶರಣು. ಕೋಲಿನ ತುದಿ ಜಾರದಿರಲು ಪ್ರತಿ ಸಲವೂ ಅದಕ್ಕೆ ಪುಡಿ ತಿಕ್ಕಬೇಕೆಂದು ಅಕ್ಕ ಹೇಳಿದಾಗ, ಆ ನೀಲಿ ಚಾಕಿನಲ್ಲಿ ಯಾವ ದೇವರಿದ್ದಾನೆಂದು ತಿಳಿಯದೆ, ಸೊಂಟದ ಚೀಲದಲ್ಲಿದ್ದ ಬೀರಪ್ಪನ ಭಂಡಾರವನ್ನು, ಅಂದರೆ ದೇವರ ಅರಿಶಿನ ಪುಡಿಯನ್ನು, ಧಾರಾಳವಾಗಿ ತಿಕ್ಕಿದೆ. ತಾವು ಮದುಮಗನಂತೆ ಹಳದಿಯಾದಿರಿ, ಮೇಜಿನ ಬಟ್ಟೆಯೂ ಹಳದಿಯಾಯಿತು. ಅಕ್ಕ ಸೆರಗಿನಿಂದ ತಮ್ಮನ್ನು ಒರೆಸುತ್ತ ನನ್ನ ಹಿಂದಿನ ತಲೆಮಾರಿನವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದು ಬೈದಳು.

ಪಂದ್ಯದ ದಿನ ನಾನು ಹೇಗೆ ಆಡಿದೆನೋ ನನಗೇ ತಿಳಿಯದು. ನನ್ನ ಪಾಲಿನ ಚೆಂಡುಗಳೆಲ್ಲ ಗುಂಡಿ ಸೇರಿ, ಮೂಲೆಯ ಬಾಯಲ್ಲಿ ಕರಿ ಚೆಂಡೊಂದೇ ಉಳಿಯಿತು. ಅದನ್ನು ಕೆಡವಿದರೆ ಗೆಲುವು, ಅದರ ಹಿಂದೆ ತಾವೂ ಬಿದ್ದರೆ ಸೋಲು. ನಡುವಿಗಿಂತ ತುಸು ಕೆಳಗೆ ಹೊಡೆದರೆ ತಾವು ಅಲ್ಲೇ ನಿಲ್ಲುತ್ತೀರೆಂದು ಅಕ್ಕ ಕಲಿಸಿದ್ದಳು. ಆದರೆ ಅವ್ವನ ಹೆಸರಿನ ಮಾತು ನೋಡಿ, ಬರೀ ಚಾಕನ್ನು ನಂಬಲು ಧೈರ್ಯ ಸಾಲದೆ, ಯಾರೂ ಕಾಣದಂತೆ ಕೋಲಿನ ತುದಿಗೆ ಒಂದು ಚಿಟಿಕೆ ಭಂಡಾರ ಹಚ್ಚಿಬಿಟ್ಟೆ. ಕೋಲು ಜಾರಿತು. ಕರಿಯದೇನೋ ಸರಿಯಾಗಿ ಬಿತ್ತು. ಅದರ ಹಿಂದೆ ತಾವು, ಮುಂದಿನ ಕುರಿ ಬಿದ್ದ ತಗ್ಗಿಗೆ ಹಿಂದಿನ ಕುರಿ ಇಳಿದ ಹಾಗೆ, ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಉರುಳಿ ಹೋದಿರಿ. ಅಯ್ಯೋ ನಮ್ಮವ್ವಾ ಎಂದು ಅಲ್ಲೇ ಕುಸಿದು ಕೂತೆ. ಅತ್ತುಬಿಟ್ಟೆ ಕೂಡ, ನಾಚಿಕೆ ಯಾಕೆ ಪಡಲಿ.

ಆದಕಾರಣ ತಮ್ಮಲ್ಲಿ ವಿನಂತಿ: ಆ ಗುಂಡಿಯಿಂದ ತಾವೇ ಮೇಲೆದ್ದು, ಕಾಲವನ್ನು ಪಂದ್ಯದ ಸಂಜೆಗೆ ಮರಳಿಸಿ, ಕರಿ ಚೆಂಡು ಮೊದಲಿದ್ದ ಜಾಗದಲ್ಲೇ ಕೈಕಟ್ಟಿ ನಿಲ್ಲತಕ್ಕದ್ದು. ಅದು ಆಗದಿದ್ದರೆ ಕವಲಾಪುರಕ್ಕೆ ಬಂದು ನನ್ನ ಹಿಂಡಿನಲ್ಲಿ ಕೆಲಕಾಲ ಇದ್ದು, ಹೇಳಿದ ಕಡೆ ನಿಲ್ಲುವುದನ್ನು ಟಗರುಗಳಿಂದ ಕಲಿತು ಹೋಗತಕ್ಕದ್ದು. ಊಟ ವಸತಿ ನನ್ನದು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿಯಲು ಹೆಣಗುತ್ತಿರುವ,
ಅಮಸಿದ್ದ
ಕವಲಾಪುರ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವ ಮುಂಚೆಯೇ ತೊಟ್ಟಿಲ ಕಾರ್ಯ ನಡೆಯಿತು. ಹೆಸರಿಡುವವಳಿಗೆ ಗುದ್ದುವ ವಾಡಿಕೆಯಂತೆ ಹೆಂಗಸರೆಲ್ಲ ಬೆನ್ನಿಗೆ ಗುದ್ದುತ್ತಿರಲು ಅಕ್ಕ ಕೂಸಿನ ಕಿವಿಗೆ ಬಾಗಿ, 'ಕುರ್ರ್' ಎಂದು, ಎದ್ದು ಕಣ್ಣೊರೆಸಿಕೊಂಡು "ದುಂಡವ್ವ" ಎಂದಳು. "ಏನ್ ಮಾಡ್ಲೋ, ಕಿವಿ ಥೇಟ್ ಅವ್ವಂದ ಐತಿ. ಪ್ರಣಾಲಿ ಬಾಯಾಗ ಬರಲೇ ಇಲ್ಲ." ಇದರಲ್ಲಿ ತಮ್ಮ ಕೈವಾಡ ಕಿಂಚಿತ್ತೂ ಇಲ್ಲವಾದ್ದರಿಂದ ದೂರನ್ನು ಹಿಂಪಡೆಯುವುದಿಲ್ಲ. ಇನ್ನೊಂದು ಮಾತು. ಹಡೆದವಳನ್ನು ಯಾರೂ ಒಂದು ಮಾತು ಕೇಳಲಿಲ್ಲವೆಂದು ನನ್ನ ಹೆಂಡತಿ ಯೋಗಿತಾ ಸಿಟ್ಟಾಗಿ, ಮುಂದಿನ ಕೂಸಿನ ಹೆಸರಿಗೆ ತಾನೇ ಆಡುವುದಾಗಿ ಹೇಳಿ ನಿನ್ನೆ ಮೊದಲ ಸಲ ಕೋಲು ಹಿಡಿದಳು. ಅವಳು ನಿಲ್ಲು ಎಂದಲ್ಲಿ ತಾವು ನಿಂತಿರಂತೆ.