ಅಜ್ಜನ ಕೋವಿ ಹೊಡೆದದ್ದು ಏನನ್ನು?

ನಮ್ಮ ಮನೆಯ ಕೊನೆಯ ಮಾಮೂಲು ದಿನ ಒಂದು ಶುಕ್ರವಾರ. ಕುವೈತಿನಲ್ಲಿ ಶುಕ್ರವಾರವೇ ನಮಗೆ ಭಾನುವಾರ. ಬೆಳಿಗ್ಗೆ ಇಗರ್ಜಿ, ಮಧ್ಯಾಹ್ನ ಮೀನು, ಆಮೇಲೆ ಅಬ್ಬಾಸಿಯಾದ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಹಿಡಿಸದಷ್ಟು ಜನ. ಅಂದೂ ಊಟವಾದ ಮೇಲೆ ನನ್ನ ಗಂಡ ಡೆನಿಸ್ ಸೋಫಾದ ಮೇಲೆ ಕಾಲು ಮಡಚಿ ಕೂತು ಬಂದವರಲ್ಲಿ ಯಾರಿಗೋ ಅಜ್ಜನ ಕೋವಿಯ ಕಥೆ ಹೇಳಿದರು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಗೊತ್ತಿರುವ ಕಥೆಯನ್ನು ಇನ್ನೊಮ್ಮೆ ಕೇಳಲು ಯಾರು ನಲ್ಲಿ ನಿಲ್ಲಿಸುತ್ತಾರೆ? ಮರುದಿನ ಶುಐಬಾದ ಕಾರ್ಖಾನೆಗೆ ಡ್ಯೂಟಿಗೆ ಹೋದವರು ಅಲ್ಲೇ ಎದೆ ಹಿಡಿದುಕೊಂಡು ಕುಸಿದರು. ಊಟದ ಡಬ್ಬಿ ಮಾತ್ರ ತಿರುಗಿ ಮನೆಗೆ ಬಂತು.

ಗಂಡ ತೀರಿಕೊಂಡರೆ ಹೆಂಡತಿಯ ಪಾಲಿಗೆ ಏನೇನು ಬರುತ್ತದೆಂದು ಯಾರೂ ಮೊದಲೇ ಹೇಳುವುದಿಲ್ಲ. ಪಟಾಕಿಗೂ ಕಿವಿ ಮುಚ್ಚುವ ಹೆಂಗಸು ನಾನು. ನನ್ನ ಪಾಲಿಗೆ ಬಂದದ್ದು ಒಂದು ಬೇಟೆಯ ರೈಫಲ್. ಇವರ ಅಜ್ಜ ಘಟ್ಟದ ಮೇಲಿನ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಅಲ್ಲಿಯ ಬಿಳಿ ದೊರೆ ತನ್ನ ದೇಶಕ್ಕೆ ಮರಳುವಾಗ ಅದನ್ನು ಅವರಿಗೆ ಕೊಟ್ಟು ಹೋದದ್ದಂತೆ. ನಾವು ಪರದೇಶದಲ್ಲಿದ್ದುದರಿಂದ ಅದು ಮಂಗಳೂರಿನ ಒಂದು ಕೋವಿ ಅಂಗಡಿಯಲ್ಲಿ ಠೇವಣಿಯಾಗಿತ್ತು. ರಜೆಗೆ ಊರಿಗೆ ಹೋದಾಗಲೆಲ್ಲ ಒಂದು ಬೆಳಿಗ್ಗೆ ಕೋವಿಗೇ ಮೀಸಲು. ಇವರು ಹಾಸ್ಟೆಲಿನಲ್ಲಿರುವ ಮಗಳನ್ನು ನೋಡಲು ಹೊರಟವರಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಂಗಡಿಯವರಿಗೆ ಖರ್ಜೂರದ ಪೊಟ್ಟಣ ಹಿಡಿದುಕೊಂಡು ಹೋಗುತ್ತಿದ್ದರು. ಎಣ್ಣೆ ಹಚ್ಚಿ, ಒರೆಸಿ, ಮಧ್ಯಾಹ್ನ ಮನೆಗೆ ಬಂದು 'ಚೆನ್ನಾಗಿದೆ' ಎಂದು ವರದಿ ಒಪ್ಪಿಸುತ್ತಿದ್ದರು. ನನ್ನ ತಾಯಿಯನ್ನು ನೋಡಲು ಹೋಗುವಾಗ ಈ ಇಸ್ತ್ರಿ ಇರುತ್ತಿರಲಿಲ್ಲ.

ಊರಿನಲ್ಲಿ ಇವರ ಮಣ್ಣು ಮುಗಿಸಿ ನಾನು ಮಗನೊಂದಿಗೆ ಕುವೈತಿಗೆ ಮರಳಿದ ಮೇಲೆ ಅಂಗಡಿಯವರ ಫೋನು ಬಂತು. "ಬಾಯಮ್ಮ, ಸತ್ತವರ ಹೆಸರಲ್ಲಿ ಕೋವಿ ಇಡ್ಲಿಕ್ಕೆ ಆಗುದಿಲ್ಲ. ಲೈಸೆನ್ಸ್ ಯಾರಾದ್ರೂ ಮಾಡಿಸ್ಕೊಳ್ಳಿ, ಇಲ್ಲ ಮಾರಿ. ಇಲ್ಲದಿದ್ರೆ ಪೊಲೀಸಿನವರಿಗೆ ಒಪ್ಪಿಸ್ಬೇಕು. ಮತ್ತೆ ಅದು ಗೋದಾಮಿನಲ್ಲಿ ತುಕ್ಕು ಹಿಡಿಯುದೇ."

ತುಕ್ಕು ಎಂಬ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಬೆಲೆ ಎಷ್ಟಾದರೂ ಬರಲಿ, ಒರೆಸಿ ಇಡುವವರ ಕೈ ಸೇರಬೇಕು ಎಂದೆ. ಹಳೆಯ ಕೋವಿಗಳನ್ನು ಕೂಡಿಡುವ ಮಡಿಕೇರಿ ಕಡೆಯ ಒಬ್ಬ ಪ್ಲಾಂಟರು ಸಿಕ್ಕಿದರು. ಆದರೆ ಅಂಥವರ ಲೆಕ್ಕ ಬೇರೆಯಂತೆ. ಕಬ್ಬಿಣಕ್ಕೆ ಒಂದು ಬೆಲೆ, ಅದರ ಕಥೆಗೆ ಇನ್ನೊಂದು. ಯಾರ ಕೈಯಲ್ಲಿತ್ತು, ಏನನ್ನು ಹೊಡೆಯಿತು ಎಂದು ಬರೆದು ಕಳಿಸಬೇಕಂತೆ. ನನ್ನ ತಾಪತ್ರಯ ಅಲ್ಲಿಂದ ಶುರು.

ಖಚಿತ ಮಾಡಿಕೊಳ್ಳೋಣವೆಂದು ಮೊದಲು ನಮ್ಮ ಕಟ್ಟಡದ ಕೆಳಗಿನ ದಿನಸಿ ಅಂಗಡಿಯ ಹಮೀದಾಕನನ್ನು ಕೇಳಿದೆ. ಅವರು ನಮ್ಮ ಕಡೆಯ ಬ್ಯಾರಿ ಮುಸ್ಲಿಮರು. "ಕಡವೆ ಅಲ್ವಾ ಬಾಯಮ್ಮ! ಇಷ್ಟು ದೊಡ್ಡ ಕೊಂಬು! ಡೆನಿಸ್ ಪೊರ್ಬುಗಳು ಇದೇ ಅಕ್ಕಿ ಮೂಟೆ ಮೇಲೆ ಕೂತು ಹೇಳಿದ್ದು" ಎಂದು ಕೈ ಅಗಲಿಸಿದ ರಭಸಕ್ಕೆ ಬಿಸ್ಕತ್ತಿನ ಡಬ್ಬ ಉರುಳಿತು.

ಇವರೊಂದಿಗೆ ಒಂದೇ ಬಸ್ಸಿನಲ್ಲಿ ಡ್ಯೂಟಿಗೆ ಹೋಗುತ್ತಿದ್ದ ಶೆಟ್ಟರಿಗೆ ಫೋನು ಮಾಡಿದೆ. "ಕಡವೆಯಾ? ಹಮೀದಾಕನಿಗೆ ಎಂಥ ಗೊತ್ತುಂಟು? ಹಂದಿ ಅಕ್ಕ, ಕಾಡುಹಂದಿ! ಮಸಾಲೆಗೆ ಮೆಣಸು ಎಷ್ಟು ಅಂತ ಸಮೇತ ಡೆನಿಸಣ್ಣ ಹೇಳಿದ್ದಾರೆ. ಬೆಳಿಗ್ಗೆ ಬೆಳಿಗ್ಗೆ ಬಾಯಲ್ಲಿ ನೀರು ಬರ್ತಿತ್ತು." ಕೊನೆಗೆ, "ಈಗ ಆ ಸೀಟಲ್ಲಿ ಒಬ್ಬ ಕೂರ್ತಾನೆ ಅಕ್ಕ. ಮಾತೇ ಆಡುದಿಲ್ಲ" ಎಂದು ಫೋನು ಇಟ್ಟರು.

ಹಮೀದಾಕನ ಮುಂದೆ ಹಂದಿಯ ಹೆಸರೆತ್ತಬಾರದೆಂದು ಇವರು ಅದಕ್ಕೆ ಕೊಂಬು ಇಟ್ಟುಕೊಟ್ಟಿದ್ದರು!

ಕಾಲೇಜಿಗೆ ಹೋಗುವ ಮಗ ರೋಶನ್ ಕಂಪ್ಯೂಟರಿನಿಂದ ತಲೆ ಎತ್ತದೆ, "ಇಟ್ ವಾಸ್ ಎ ಲೆಪರ್ಡ್, ಮಮ್ಮಿ. ಹೀ ಡಿಡಂಟ್ ಶೂಟ್" ಎಂದ. ಅಜ್ಜ ಗುರಿಯಿಟ್ಟರಂತೆ, ಚಿರತೆಯ ಹಿಂದೆ ಎರಡು ಮರಿ ಕಂಡವಂತೆ, ಕೋವಿ ಇಳಿಸಿದರಂತೆ. ಚಿಕ್ಕಂದಿನಲ್ಲಿ ಕೋಳಿ ಕೊಯ್ಯುವುದನ್ನು ನೋಡಿ ಜ್ವರ ಬರಿಸಿಕೊಂಡ ಹುಡುಗ ಇವನು.

ಇನ್ನು ನನಗೆ ಹೇಳಿದ ಕಥೆ. ಮದುವೆಯಾದ ಹೊಸತರಲ್ಲಿ ಕೋವಿಯನ್ನು ಕಂಡು ನಾನು ಎರಡು ಹೆಜ್ಜೆ ಹಿಂದೆ ಸರಿದಾಗ, "ಹೆದರ್ಬೇಡ, ಇದರಿಂದ ಒಂದು ಈಡೂ ಹಾರಿಲ್ಲ. ಅಜ್ಜ ಊರುಗೋಲು ಮಾಡ್ಕೊಂಡಿದ್ರು" ಎಂದಿದ್ದರು. ಉಳಿದವರಿಗೆ ಹೇಳಿದ್ದೆಲ್ಲ ಬಡಾಯಿ, ಹೆಂಡತಿಗೆ ಹೇಳಿದ್ದು ಮಾತ್ರ ನಿಜ ಎಂದು ಇಷ್ಟು ವರ್ಷ ಒಳಗೊಳಗೇ ಬೀಗಿದ್ದೆ. ಈಗ ನೋಡಿದರೆ ನನಗೂ ನನ್ನ ಅಳತೆ ತೆಗೆದೇ ಹೊಲಿದುಕೊಟ್ಟಿದ್ದರು.

ಯಾರ ಕಥೆಯನ್ನು ಬಿಡಲಿ? ಬಿಟ್ಟರೆ ಇವರು ಆ ಒಬ್ಬರಿಗೆ ಸುಳ್ಳು ಹೇಳಿದಂತಾಗುತ್ತದೆ. ನಾಲ್ಕನ್ನೂ ಬರೆದು ಕಳಿಸಿಬಿಟ್ಟೆ.

"ಎಂಥ ಬರೆದದ್ದು ಮಾರಾಯ್ರೆ?" ಎಂದು ಅಂಗಡಿಯವರು ಫೋನಿನಲ್ಲಿ ಕೂಗಿದರು. "ಕಡವೆ ಸತ್ತಿದೆ, ಹಂದಿ ಸತ್ತಿದೆ, ಚಿರತೆ ಮನೆಗೆ ಹೋಗಿದೆ, ಕೊನೆಗೆ ನೋಡಿದ್ರೆ ಈಡೇ ಹಾರಿಲ್ಲ! ಪ್ಲಾಂಟರು ನಗಾಡಿ ನಗಾಡಿ ಸುಸ್ತು. ಕಥೆಗೆ ಕಾಸು ಕೊಡುದಿಲ್ಲವಂತೆ. ಕಬ್ಬಿಣದ ಬೆಲೆಗಾದ್ರೆ ತಗೊಳ್ತಾರಂತೆ."

"ಎಣ್ಣೆ ಹಚ್ಚಿ ಇಡ್ತಾರಾ, ಕೇಳಿ."

"ಅದನ್ನೂ ಕೇಳಿದೆ. ತಾನೇ ಹಚ್ಚುದಂತೆ, ಆಳುಗಳ ಕೈಗೆ ಕೊಡುದಿಲ್ಲವಂತೆ."

"ಹಾಗಾದ್ರೆ ಖಲಾಸ್. ಕೊಟ್ಟುಬಿಡಿ."

ಊರಿನಲ್ಲಿ ಮೈದುನ ನನ್ನ ಪರವಾಗಿ ಸಹಿ ಹಾಕಿದ, ಕೋವಿ ಘಟ್ಟ ಹತ್ತಿತು. ಜೀವನದಲ್ಲಿ ನಾನು ಬರೆದದ್ದು ಅದೊಂದೇ ಬರಹ, ಅದರಿಂದ ವಸ್ತುವಿನ ಬೆಲೆ ಇಳಿಯಿತು.

ಇವರು ತೀರಿ ವರ್ಷವಾದಾಗ ಇಗರ್ಜಿಯಲ್ಲಿ ಮಾಡಿಸಿದ ಪೂಜೆಯ ದಿನ ಎಲ್ಲರೂ ಮನೆಗೆ ಬಂದಿದ್ದರು. ಬರೆದದ್ದನ್ನು ಓದಲೇಬೇಕೆಂದು ಶೆಟ್ಟರು ಹಟ ಹಿಡಿದರು. ಓದಿದೆ. ಮೆಣಸಿನ ಲೆಕ್ಕ ಬಿಟ್ಟುಹೋಗಿದೆ ಎಂದು ಅವರದೇ ಮೊದಲ ತಕರಾರು. ಕೊಂಬನ್ನು ಸಣ್ಣ ಮಾಡಿದ್ದೀರಿ ಎಂದು ಹಮೀದಾಕ, ಮರಿ ಎರಡಲ್ಲ ಮೂರು ಎಂದು ಈಗ ರೋಶನ್. ಈಡೇ ಹಾರಿಲ್ಲವೆಂದು ನಾನೂ ದನಿ ಏರಿಸಿದೆ. ಆ ಮನೆಯಲ್ಲಿ ಅಷ್ಟು ಗದ್ದಲವಾಗಿ ವರ್ಷವೇ ಆಗಿತ್ತು. ಜಗಳ ಜೋರಾಗಿ, ಇನ್ನು ಯಾರನ್ನಾದರೂ ಕೇಳಿಯೇ ತೀರ್ಮಾನ ಮಾಡಬೇಕು ಎನ್ನುವಾಗ ನಾಲ್ವರೂ ಒಮ್ಮೆಗೇ ಇವರು ಕಾಲು ಮಡಚಿ ಕೂರುತ್ತಿದ್ದ ಸೋಫಾದ ಕಡೆಗೆ ತಿರುಗಿದೆವು.

ಕೇಳಬೇಕಾದವರು ಇರಲಿಲ್ಲ.