ಬಂಪರಿನ ಗೀರಿಗೆ ನಿಜವಾದ ವಾರಸುದಾರ

ಇಂದ:
ಸದರಿ ಹೈಬ್ರಿಡ್ ಕಾರಿನ ಮಾಲೀಕಳು,
ನಿವೃತ್ತ ಬಸ್ ಚಾಲಕರೊಬ್ಬರ ಪತ್ನಿ, ಫಿಸಿಯೋಥೆರಪಿ ಮಾಡುವ ಹುಡುಗಿಯೊಬ್ಬಳ ತಾಯಿ,
ಹಸಿರು ಗೇಟಿನ ಮನೆ (ಗೇಟು ಈಗ ತುಸು ವಾಲಿದೆ).

ಗೆ:
ಮಾನ್ಯ ಶಾಖಾ ವ್ಯವಸ್ಥಾಪಕರು,
ವಾಹನ ವಿಮಾ ವಿಭಾಗ,
ಲಿಫ್ಟ್ ಕೆಟ್ಟಿರುವ ಕಟ್ಟಡದ ಮೂರನೇ ಮಹಡಿ.

ವಿಷಯ: ಹೈಬ್ರಿಡ್ ಕಾರಿನ ವಿಮೆ ದುಬಾರಿಯಾಗಲು ತಾವು ಕೊಟ್ಟ ಕಾರಣಗಳ ಪೈಕಿ ಅರ್ಜಿದಾರಳ ಮಗಳನ್ನು ತೆಗೆದು, ಆ ಜಾಗಕ್ಕೆ ಅರ್ಜಿದಾರಳ ಗಂಡನನ್ನು ಸೇರಿಸುವ ಬಗ್ಗೆ.

ಉಲ್ಲೇಖ:
೧. ತಮ್ಮ ನವೀಕರಣ ನೋಟಿಸು.
೨. ತಮ್ಮ ಕೌಂಟರಿನ ಹುಡುಗಿ ಬಾಯಿಮಾತಿನಲ್ಲಿ ಕೊಟ್ಟ ವಿವರಣೆ.
೩. ಅದೇ ದಿನ ಊಟದ ಹೊತ್ತಿನಲ್ಲಿ ಅರ್ಜಿದಾರಳ ಪತಿ ತಾಳಿದ ಮೌನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಒಲೆಯ ಮೇಲೆ ಹಾಲಿಟ್ಟು, ಅದು ಕಾಯುವಷ್ಟರಲ್ಲಿ ಬರೆದು ಮುಗಿಸುವ ಉದ್ದೇಶದಿಂದ ಈ ಅರ್ಜಿಯನ್ನು ಆರಂಭಿಸಿರುತ್ತಾಳೆ. ಹಾಲು ಉಕ್ಕಿದೆ. ಅರ್ಜಿ ಮುಂದುವರಿದಿದೆ.

೧. ಕಾರು ಕೊಳ್ಳುವಾಗ ಷೋರೂಮಿನ ಹುಡುಗ ಹೇಳಿದ್ದು ಇಷ್ಟು: ಇದರಲ್ಲಿ ಪೆಟ್ರೋಲಿನ ಎಂಜಿನ್ ಒಂದು, ಬ್ಯಾಟರಿಯ ಮೋಟಾರ್ ಒಂದು, ಎರಡೂ ಸೇರಿ ಗಾಡಿ ಎಳೆಯುತ್ತವೆ, ಖರ್ಚು ಇಳಿಯುತ್ತದೆ. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ ಏನು ಗತಿ ಎಂದು ಅರ್ಜಿದಾರಳು ಕೇಳಿದಳು. "ಇಲ್ಲಮ್ಮ, ಎರಡೂ ಗಂಡ ಹೆಂಡ್ತಿ ಥರ ಹೊಂದ್ಕೊಂಡು ಹೋಗ್ತವೆ" ಎಂದು ಅವನು ಧೈರ್ಯ ಹೇಳಿದ. ಅವನಿಗೆ ಇನ್ನೂ ಮದುವೆಯಾಗಿಲ್ಲ ಎಂಬುದು ಆಮೇಲೆ ತಿಳಿಯಿತು.

೨. ಪೆಟ್ರೋಲಿನ ಖರ್ಚು ಇಳಿದದ್ದು ನಿಜ. ಇಳಿದದ್ದೆಲ್ಲ ಎಲ್ಲಿಗೆ ಹೋಗಬೇಕೆಂದು ತಮ್ಮ ನೋಟಿಸು ತಿಳಿಸಿತು. ಈ ಸಲದ ಪ್ರೀಮಿಯಂ ನೋಡಿ ಅರ್ಜಿದಾರಳು, ಪಕ್ಕದ ಮನೆಯವರ ಕಾರನ್ನೂ ನಮ್ಮ ಲೆಕ್ಕಕ್ಕೆ ಸೇರಿಸಿರಬೇಕು ಎಂದು ಭಾವಿಸಿ ತಮ್ಮ ಕಚೇರಿಗೆ ಬಂದಳು. ಮೂರು ಮಹಡಿ ಹತ್ತಿದ ಕಾರಣ ಮೊದಲ ಪ್ರಶ್ನೆ ಕೇಳಲು ಸ್ವಲ್ಪ ಹೊತ್ತು ಹಿಡಿಯಿತು. ಕೌಂಟರಿನ ಹುಡುಗಿ ಒಳ್ಳೆಯವಳು. ನೀರು ಕೊಟ್ಟು, ಆಮೇಲೆ ಕಾರಣ ಕೊಟ್ಟಳು.

"ಹೈಬ್ರಿಡ್ ಅಲ್ವಾ ಆಂಟಿ, ಹಾಗೇನೇ. ಮೊದಲು ಕಾರಿನ ಬೆಲೆಯೇ ಜಾಸ್ತಿ. ಬ್ಯಾಟರಿ ಬೇರೆ. ಅದು ಹೋದ್ರೆ ಒಂದು ಸಣ್ಣ ಕಾರಿನ ಕಾಸು."

"ಹೋಗಿಲ್ವಲ್ಲಮ್ಮ."

"ಹೋದ್ರೆ ಅಂತ. ಮತ್ತೆ ಎಂಜಿನ್ನೂ ಇದೆ, ಮೋಟಾರೂ ಇದೆ. ಎರಡು ಇದ್ರೆ ಎರಡೂ ಕೆಡಬಹುದು."

"ಒಂದು ಕೆಟ್ರೆ ಇನ್ನೊಂದು ಇರುತ್ತೆ ಅಂತಲೂ ಹೇಳಬಹುದಲ್ಲ?"

ಹುಡುಗಿ ಕಂಪ್ಯೂಟರನ್ನು ನೋಡಿದಳು. "ಅದಕ್ಕೆ ಕಾಲಂ ಇಲ್ಲ ಆಂಟಿ."

ಹೀಗೆ ಕಾಲಂ ಇದ್ದ ಕಾರಣಗಳು ಒಂದರ ಹಿಂದೆ ಒಂದು ಬಂದವು. ಈ ಕಾರನ್ನು ಬೀದಿ ಬದಿಯ ಮೆಕ್ಯಾನಿಕ್ ಮುಟ್ಟುವಂತಿಲ್ಲ. ಕರೆಂಟಿನ ತರಬೇತಿ ಪಡೆದವನು ರಬ್ಬರಿನ ಕೈಗವಸು ತೊಟ್ಟು ಮುಟ್ಟಬೇಕು, ಕಾರಣ ಕೂಲಿ ಹೆಚ್ಚು. ಬಿಡಿಭಾಗ ಕಂಪನಿಯಿಂದಲೇ ಬರಬೇಕು, ಕಾರಣ ಬರುವುದೇ ಇಲ್ಲ. ಬಂಪರಿನೊಳಗೆ ಸೆನ್ಸರುಗಳಿವೆ, ಕಾರಣ ಮುತ್ತಿಟ್ಟರೂ ಅದಕ್ಕೆ ಗಾಯ. ಕಾರು ರಾತ್ರಿ ಬೀಗದೊಳಗೆ ನಿಲ್ಲುತ್ತದೋ ಬೀದಿಯಲ್ಲೋ, ವರ್ಷಕ್ಕೆ ಎಷ್ಟು ದೂರ ಓಡುತ್ತದೆ, ಹಿಂದೆ ಕ್ಲೇಮ್ ಮಾಡಿದ್ದಾರೋ, ಓಡಿಸುವವರು ಯಾರು, ಅವರ ವಯಸ್ಸೆಷ್ಟು, ಎಲ್ಲಕ್ಕೂ ಬೆಲೆಯಿದೆ. ವೇಗವಾಗಿ ಹೋಗುವಾಗ ತಾನೇ ಬ್ರೇಕ್ ಹಾಕಿಕೊಳ್ಳುವ ಜಾಣತನ ಕಾರಿಗಿರುವುದಕ್ಕೆ ತಾವು ರಿಯಾಯಿತಿ ಕೊಟ್ಟಿದ್ದೀರಿ. ಅದನ್ನು ಕಾಣಲು ಅರ್ಜಿದಾರಳು ಕನ್ನಡಕ ಒರೆಸಿಕೊಳ್ಳಬೇಕಾಯಿತು. ಮೂಗಿಗಿಂತ ಮೂಗುತಿ ಭಾರ ಎಂದು ದೊಡ್ಡವರು ಹೇಳಿದ್ದು ವಿಮೆ ಹುಟ್ಟುವ ಮೊದಲೇ ಎಂಬುದು ಆಶ್ಚರ್ಯದ ಸಂಗತಿ.

ಈ ಕಾರಣಗಳಿಗೆಲ್ಲ ಅರ್ಜಿದಾರಳ ತಕರಾರಿಲ್ಲ. ಬ್ಯಾಟರಿಯ ಮೇಲೆ ಎಷ್ಟು ಬೇಕಾದರೂ ಅನುಮಾನ ಪಡಿ, ಅದಕ್ಕೆ ಬೇಸರವಾಗುವುದಿಲ್ಲ. ಆದರೆ ಕೊನೆಯಲ್ಲಿ ಆ ಹುಡುಗಿ ದನಿ ತಗ್ಗಿಸಿ, "ಮುಖ್ಯ ಕಾರಣ ನಿಮ್ಮ ಮಗಳು ಆಂಟಿ. ಹೊಸ ಲೈಸೆನ್ಸು, ಸಣ್ಣ ವಯಸ್ಸು, ಆಗಲೇ ಒಂದು ಆಕ್ಸಿಡೆಂಟು" ಎಂದಳು. ತಕರಾರು ಇಲ್ಲಿಂದ ಶುರುವಾಗುತ್ತದೆ.

೩. ಸದರಿ ಆಕ್ಸಿಡೆಂಟಿನ ವಿವರ. ಅರ್ಜಿದಾರಳ ಪತಿ ಬಸ್ಸು ಓಡಿಸಿಯೇ ತಲೆ ನರೆಸಿಕೊಂಡವರು. ಎಂಜಿನ್ ಉಸಿರಾಡುವ ಸದ್ದಿನಲ್ಲೇ ಅದರ ಹೊಟ್ಟೆನೋವು ಹೇಳಬಲ್ಲವರು. ಹೈಬ್ರಿಡ್ ಕಾರು ನಿಧಾನವಾಗಿ ಹೋಗುವಾಗ ಎಂಜಿನ್ ನಿಂತು ಬರೀ ಮೋಟಾರಿನಲ್ಲಿ ನಡೆಯುತ್ತದೆ, ಸದ್ದಿರುವುದಿಲ್ಲ. ಇದನ್ನು ಮಗಳು ಅವರಿಗೆ ಹೇಳಿಕೊಟ್ಟಿದ್ದಳು. ಅವರು ಕೇಳಿಸಿಕೊಂಡಿದ್ದರು. ಕಿವಿ ಒಪ್ಪಿರಲಿಲ್ಲ.

ಆ ಬೆಳಿಗ್ಗೆ ತರಕಾರಿ ತಂದು, ಗೇಟಿನ ಮುಂದೆ ನಿಲ್ಲಿಸಿದರು. ಸದ್ದು ನಿಂತಿತು. ಸದ್ದು ನಿಂತ ಮೇಲೆ ಗಾಡಿ ನಿಂತಂತೆ ಎಂಬ ಜೀವಮಾನದ ನಂಬಿಕೆಯಿಂದ, ಗೇರ್ ಬದಲಿಸದೆ ಗೇಟು ತೆಗೆಯಲು ಇಳಿದರು. ಕಾರು ಕೀ ಕೀ ಎಂದು ಕೂಗಿಕೊಂಡಿತು. ಎದುರುಮನೆಯ ವಾಷಿಂಗ್ ಮಷೀನ್ ಮುಗಿಯಿತು ಎಂದುಕೊಂಡರು. ಆಗ ಕಾರು, ಮೇವು ಕಂಡ ಕರುವಿನ ಹಾಗೆ, ಅವರ ಹಿಂದೆಯೇ ಮೆಲ್ಲಗೆ ನಡೆದುಬಂತು. ಅವರು ಪಕ್ಕಕ್ಕೆ ಹಾರಿದರು. ಗೇಟನ್ನು ಕಾರೇ ತೆಗೆಯಿತು.

ಅರ್ಜಿದಾರಳು ಅಡುಗೆಮನೆಯ ಕಿಟಕಿಯಿಂದ ಇದನ್ನು ಕಣ್ಣಾರೆ ಕಂಡಿರುತ್ತಾಳೆ. ಮಗಳು ಓಡಿಬಂದು, ಅಪ್ಪನ ಮೈಕೈ ಮುಟ್ಟಿ ನೋಡಿ, ಆಮೇಲೆ ಕಾರನ್ನು ಹಿಂದಕ್ಕೆ ತೆಗೆದಳು. ಆ ದಿನ ಅವಳು ಸ್ಟೇರಿಂಗ್ ಹಿಡಿದದ್ದು ಅಷ್ಟೇ ದೂರಕ್ಕೆ.

೪. ಹಾನಿಯ ಲೆಕ್ಕ ಹಾಕಲು ತಮ್ಮ ಸರ್ವೇಯರ್ ಬಂದಾಗ ಅರ್ಜಿದಾರಳು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಕೆಳಗಿನ ಮಾತು ಮೇಲಕ್ಕೆ ಕೇಳುತ್ತಿತ್ತು. ಕಾರಿನ ಬೀಗದ ಕೈ ಮಗಳ ಕೈಯಲ್ಲಿತ್ತು. ಸರ್ವೇಯರ್ ಒಂದು ಸಲ ಬಂಪರನ್ನೂ ಒಂದು ಸಲ ಅವಳನ್ನೂ ನೋಡಿ, "ಹೊಸಬರಲ್ವಾ ಮೇಡಂ, ಆಗುತ್ತೆ ಬಿಡಿ. ನಮ್ಮ ತಂಗೀನೂ ಹೀಗೇ ಗೋಡೆಗೆ ಗುದ್ದಿದ್ಲು" ಎಂದು ಸಮಾಧಾನ ಹೇಳಿ ಬರೆದುಕೊಂಡರು. ಓಡಿಸಿದವರು ಯಾರೆಂದು ಕೇಳಲಿಲ್ಲ. ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ಮಗಳು ಬಾಯಿ ತೆರೆದಳು, ಅಪ್ಪನನ್ನು ನೋಡಿದಳು, ಬಾಯಿ ಮುಚ್ಚಿದಳು. ಅಪ್ಪ ಗೇಟಿನ ಕೀಲು ಪರೀಕ್ಷಿಸುತ್ತಿದ್ದರು. ಅರ್ಜಿದಾರಳು ಒದ್ದೆ ಬಟ್ಟೆ ಬಿಸುಟು ಮೆಟ್ಟಿಲಿಳಿದು ಬರುವಷ್ಟರಲ್ಲಿ ಸರ್ವೇಯರ್ ಹೋಗಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹಾಗೆ ಹಾಕಿದವರು ಎಮ್ಮೆಯ ವಯಸ್ಸು ಕೇಳಿದ್ದರೋ ಇಲ್ಲವೋ ಗೊತ್ತಿಲ್ಲ.

೫. ಇದರ ಪರಿಣಾಮ. ಮಗಳಿಗೆ ಆಸ್ಪತ್ರೆಯೊಂದು ಕೆಲಸ ಕೊಟ್ಟಿದೆ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಅವರ ಕೈಕಾಲು ಆಡಿಸಿ, ಎಬ್ಬಿಸಿ ನಡೆಸುವ ಕೆಲಸ. ಅದಕ್ಕೆ ಸ್ವಂತ ಕಾರು ಬೇಕು, ಜೊತೆಗೆ ಆಕೆಯ ಹೆಸರಿನಲ್ಲಿ ಅಪಘಾತವಿಲ್ಲ ಎಂಬ ವಿಮಾ ಕಂಪನಿಯ ಪತ್ರ ಬೇಕು. ಪತ್ರವನ್ನು ಬರುವ ಸೋಮವಾರದೊಳಗೆ ಕೊಡದಿದ್ದರೆ ಕೆಲಸ ಇನ್ನೊಬ್ಬರಿಗೆ. ತಾವು ಕೊಟ್ಟ ಪತ್ರದಲ್ಲಿ ಅಪಘಾತ ಒಂದು ಎಂದಿದೆ. ಅಂದಿನಿಂದ ಮಗಳು ಕಾರು ಮುಟ್ಟಿಲ್ಲ. ಚಿಕಿತ್ಸೆಯ ಮಡಚುವ ಮೇಜು ಹೆಗಲಿಗೇರಿಸಿಕೊಂಡು ಬಸ್ಸಿನಲ್ಲಿ ಹೋಗಿ ಈಗಿರುವ ರೋಗಿಗಳನ್ನು ನೋಡುತ್ತಿದ್ದಾಳೆ. ಬೇರೆಯವರ ಬೆನ್ನುನೋವು ವಾಸಿ ಮಾಡಿ ಸಂಜೆ ಅವಳು ಬೆನ್ನು ಹಿಡಿದುಕೊಂಡು ಬರುತ್ತಾಳೆ.

೬. ತಮ್ಮ ಕೌಂಟರಿನ ಹುಡುಗಿ ದಾರಿಯನ್ನೂ ತೋರಿಸಿದಳು: ಓಡಿಸಿದವರೇ ಖುದ್ದು ಬಂದು ಹೇಳಿಕೆ ಕೊಟ್ಟರೆ ದಾಖಲೆ ತಿದ್ದಬಹುದು. ಅರ್ಜಿದಾರಳು ಇದನ್ನು ಊಟಕ್ಕೆ ಬಡಿಸುತ್ತ ಮಂಡಿಸಿದಳು.

"ರೀ, ನಾಳೆ ಒಂದು ಗಳಿಗೆ ಬಂದು ಹೇಳಿಬಿಡಿ."

ಪತಿ ತಟ್ಟೆ ನೋಡುತ್ತಿದ್ದರು. ತಲೆಯೆತ್ತದೆ, "ಅಷ್ಟು ವರ್ಷ ಬಸ್ಸು ಓಡಿಸಿದೀನಿ. ಒಂದು ನಾಯಿಮರಿಗೂ ತಾಗಿಸಿದವನಲ್ಲ ಕಣೇ" ಎಂದರು.

"ನಾಯಿಮರಿಗೆ ತಾಗಿಸಿಲ್ಲ. ಮಗಳಿಗೆ ತಾಗಿಸಿದ್ರಲ್ಲ."

"ಅಮ್ಮಾ, ಸುಮ್ನಿರು" ಎಂದಳು ಮಗಳು. "ಅಪ್ಪಂಗೆ ಆ ಕಾರು ಅಭ್ಯಾಸ ಇಲ್ಲ. ನಂಗೆ ಇನ್ನೊಂದು ಕೆಲಸ ಸಿಗುತ್ತೆ. ಅಪ್ಪಂಗೆ ಇನ್ನೊಂದು ಹೆಸರು ಸಿಗುತ್ತಾ?"

ಪತಿ ಏಳಲೂ ಇಲ್ಲ, ಉಣ್ಣಲೂ ಇಲ್ಲ. ಉಲ್ಲೇಖ ಮೂರರಲ್ಲಿ ಹೇಳಿರುವ ಮೌನ ಇದೇ. ಮಗಳು ಅವರ ತಟ್ಟೆಗೆ ಮೊಸರು ಬಡಿಸಿದಳು. ಅದನ್ನು ನೋಡುತ್ತಾ ಕುಳಿತರು.

೭. ಮಾರನೆಯ ಬೆಳಿಗ್ಗೆ ಮಗಳು ಮೇಜು ಹೊತ್ತು ಬಾಗಿಲು ದಾಟಿದವಳು, ಅಂಗಳದಿಂದಲೇ, "ಅಮ್ಮಾ, ಇಲ್ಲಿ ಬಾ" ಎಂದು ಕೂಗಿದಳು. ಕಾರಿನ ಬಂಪರ್ ಇನ್ನೂ ಒಡೆದೇ ಇದೆ. ಬಿಡಿಭಾಗ ಬಂದಿಲ್ಲವೆಂಬುದನ್ನು ತಾವು ಬಲ್ಲಿರಿ. ಆ ಒಡಕಿನ ಸುತ್ತ ಸೀಮೆಸುಣ್ಣದಲ್ಲಿ ದುಂಡಗೆ ಒಂದು ಗೆರೆ, ಗೆರೆಯ ಪಕ್ಕದಲ್ಲಿ ಒಂದು ನಂಬರು.

ಇದನ್ನು ತಮಗೆ ವಿವರಿಸಬೇಕಾಗಿದೆ. ಪತಿಯವರ ಡಿಪೋದಲ್ಲಿ ಒಂದು ರಿವಾಜಿತ್ತು. ಪಾಳಿ ಮುಗಿಸಿ ಬಂದ ಬಸ್ಸಿಗೆ ಗೀರು ಬಿದ್ದಿದ್ದರೆ, ಓಡಿಸಿದವನೇ ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ತನ್ನ ಬಿಲ್ಲೆ ನಂಬರು ಬರೆಯಬೇಕು. ಮುಂದಿನ ಪಾಳಿಯವನ ತಲೆಗೆ ಅದು ಬರಬಾರದು ಎಂದು. ಹಾಗೆ ಬರೆಯದೆ ಮನೆಗೆ ಹೋದವನ ಜೊತೆ ಯಾರೂ ಚಹಾ ಕುಡಿಯುತ್ತಿರಲಿಲ್ಲ. ಗೀರು ಬೀಳಿಸಿದ್ದಕ್ಕೆ ಬೈಗುಳ ಸಿಗುತ್ತಿತ್ತು, ಬರೆಯದಿದ್ದಕ್ಕೆ ಅದೂ ಸಿಗುತ್ತಿರಲಿಲ್ಲ. ಕೆಲಸದಲ್ಲಿದ್ದಷ್ಟು ಕಾಲ ಪತಿಯವರಿಗೆ ಸೀಮೆಸುಣ್ಣ ಹಿಡಿಯುವ ಪ್ರಸಂಗವೇ ಬಂದಿರಲಿಲ್ಲ. ಆದಕಾರಣ ಗೆರೆ ಅಷ್ಟು ದುಂಡಗೇನೂ ಬಂದಿಲ್ಲ. ನಂಬರು ಮಾತ್ರ ಸ್ಪಷ್ಟವಾಗಿದೆ.

ಅವರು ಜಗಲಿಯ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದರು. ಬೆರಳುಗಳಲ್ಲಿ ಬಿಳಿಪುಡಿ ಇನ್ನೂ ಇತ್ತು.

"ಎಲ್ಲಿಗೆ ಹೊರಟ್ರಿ?"

"ಮೂರನೇ ಮಹಡಿ ಅಂದ್ಯಲ್ಲ. ನಿಧಾನಕ್ಕೆ ಹತ್ತಬೇಕು, ಬೇಗ ಹೊರಡೋಣ." ಆಮೇಲೆ ಮಗಳ ಕಡೆ ತಿರುಗಿ, "ಆ ಮೇಜು ಕೆಳಗಿಡು ಪುಟ್ಟಿ. ಬೀಗದ ಕೈ ತಗೋ. ನೀನೇ ಓಡಿಸು" ಎಂದರು.

"ಅಪ್ಪಾ, ಅದನ್ನ ಒರೆಸ್ಲಾ? ದಾರೀಲಿ ಎಲ್ರೂ ನೋಡ್ತಾರೆ."

"ನೋಡ್ಲಿ ಅಂತಾನೇ ಬರೆಯೋದು."

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ಅರ್ಜಿದಾರಳು ಕೆಳಗಿನಂತೆ ಕೋರುತ್ತಾಳೆ:

ಅ) ಸದರಿ ಅಪಘಾತವನ್ನು ಮಗಳ ಹೆಸರಿನಿಂದ ಕಿತ್ತು ಪತಿಯ ಹೆಸರಿಗೆ ನೆಡುವುದು, ಮತ್ತು ಮಗಳಿಗೆ ಸೋಮವಾರದೊಳಗೆ ಪತ್ರ ಕೊಡುವುದು.

ಆ) ಅನುಭವಿ ಚಾಲಕರೆಂದು ಪತಿಯ ಹೆಸರಿನಲ್ಲಿ ತಾವು ಕೊಡುತ್ತಿದ್ದ ರಿಯಾಯಿತಿಯನ್ನು ರದ್ದುಮಾಡುವುದು. ಅದು ಬಸ್ಸಿನ ಅನುಭವ. ಕಾರಿನದು ಈಗಷ್ಟೇ ಶುರುವಾಗಿದೆ, ಮಗಳು ಭಾನುವಾರಗಳಂದು ಖಾಲಿ ಮೈದಾನದಲ್ಲಿ ಕಲಿಸುವುದಾಗಿ ಒಪ್ಪಿದ್ದಾಳೆ.

ಇ) ಪ್ರೀಮಿಯಂ ಇದರಿಂದ ಇಳಿಯದೆ ಏರಿದರೂ ಅರ್ಜಿದಾರಳು ಕಟ್ಟುತ್ತಾಳೆ. ಬೈದುಕೊಂಡು ಕಟ್ಟುತ್ತಾಳೆ. ಬೈಗುಳಕ್ಕೆ ತಮ್ಮಲ್ಲಿ ಕಾಲಂ ಇದ್ದರೆ ದಯವಿಟ್ಟು ಭರ್ತಿ ಮಾಡಿಕೊಳ್ಳುವುದು.

ವಂದನೆಗಳೊಂದಿಗೆ, ನವೀಕರಣದ ಕೊನೆಯ ದಿನಾಂಕದವರೆಗೆ ಮಾತ್ರ ಖಾತ್ರಿಯಾಗಿ,

ತಮ್ಮ ವಿಶ್ವಾಸಿ,
(ಸಹಿ)
ಅರ್ಜಿದಾರಳು

ಲಗತ್ತುಗಳು:
೧. ನವೀಕರಣ ನೋಟಿಸಿನ ಪ್ರತಿ (ಮೂಲೆಯಲ್ಲಿ ಹಾಲಿನ ಕಲೆ ಇದೆ, ಓದಲು ಅಡ್ಡಿಯಿಲ್ಲ).
೨. ಬಂಪರಿನ ಚಿತ್ರ, ಸೀಮೆಸುಣ್ಣದ ಗೆರೆ ಮತ್ತು ಬಿಲ್ಲೆ ನಂಬರಿನ ಸಮೇತ.
೩. ಪತಿ, ಅಸಲು, ಒಂದು. ಕೌಂಟರಿನ ಮುಂದೆ ನಿಂತಿದ್ದಾರೆ. ಮಾತು ಆರಂಭಿಸಲು ಸ್ವಲ್ಪ ಹೊತ್ತು ತೆಗೆದುಕೊಳ್ಳಬಹುದು, ದಯವಿಟ್ಟು ಕುರ್ಚಿ ಕೊಟ್ಟು ಕಾಯುವುದು. ನಕಲು ಬೇರೆ ಇಲ್ಲದ ಕಾರಣ, ಹೇಳಿಕೆ ಪಡೆದ ಕೂಡಲೇ ಮಡಿಕೆ ಬೀಳದಂತೆ ಹಿಂದಿರುಗಿಸುವುದು. ಮಗಳು ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾಳೆ.