ದೀಪಕ್ಕೆ ರೆಕ್ಕೆ ಎಲ್ಲಿ?

ನಾನು ಶಾಲೆ ಬಿಟ್ಟದ್ದು ೧೯೯೬ರಲ್ಲಿ, ಏಳನೆಯ ಇಯತ್ತೆಗೆ. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ಮುರ್ಮುಗಾಂವ್ ಬಂದರಿನ ಹತ್ತಿರದ ಗೋದಾಮಿನಲ್ಲಿ ನಾನು ವಾಯರ್‌ಮನ್. ನಾನು ಕೈಯಿಟ್ಟ ಮೇಲೂ ಹತ್ತದೆ ಉಳಿದ ದೀಪವಿಲ್ಲ. ದುಡಿಯುತ್ತ ದುಡಿಯುತ್ತ ಇಂಗ್ಲಿಷೂ ಕೈಗೆ ಹತ್ತಿದೆ: ಚೋಕ್, ಸ್ಟಾರ್ಟರ್, ಹೋಲ್ಡರ್, ಅರ್ಥಿಂಗ್. ಎಲ್ಲಕ್ಕಿಂತ ಪ್ರೀತಿಯದು ಫ್ಲಿಕರ್. ಟ್ಯೂಬ್‌ಲೈಟು ಪಕಪಕ ಎಂದರೆ ರಿಪೇರಿ ಪುಸ್ತಕದಲ್ಲಿ ಅದನ್ನು ಬರೆದು, ಉದ್ದಕ್ಕೆ ಸಹಿ ಎಳೆಯುತ್ತೇನೆ.

ಮೊನ್ನೆ ಮಗಳು ಶಾಲೆಯಿಂದ ಒಂದು ಕೆಲಸ ತಂದಳು. ಮನೆಯವರ ಕಸುಬಿನ ಒಂದು ಇಂಗ್ಲಿಷ್ ಶಬ್ದ ಆರಿಸಿ, ಅದರ ಅರ್ಥ, ಹುಟ್ಟು ಎರಡನ್ನೂ ಮರುದಿನ ತರಗತಿಯ ಮುಂದೆ ನಿಂತು ಹೇಳಬೇಕಂತೆ. "ನಮ್ಮಪ್ಪಗ ಎಲ್ಲಾ ಗೊತ್ತೈತಿ ಅಂತ ಟೀಚರ್‌ಗೆ ಹೇಳಿ ಬಂದೇನಿ," ಎಂದಳು. ಇದನ್ನು ಕೇಳಿದ ಮೇಲೆ ಗೊತ್ತಿಲ್ಲ ಎನ್ನುವ ತಂದೆ ಯಾರು? "ಫ್ಲಿಕರ್ ಅಂತ ಬರ್ಕೋ. ಅರ್ಥ, ಸ್ಟಾರ್ಟರ್ ಹೋಗೇತಿ ಅಂತ. ಹುಟ್ಟಿದ್ದು ಟ್ಯೂಬ್‌ಲೈಟಿನ ಕೂಡ," ಎಂದೆ, ಮೀಸೆ ತೀಡುತ್ತ.

ಅವಳು ಡಿಕ್ಷನರಿ ತೆಗೆದಳು. "ಅಪ್ಪಾ, ಇಲ್ಲಿ ಸ್ಟಾರ್ಟರ್ ಹೆಸರೇ ಇಲ್ಲ. ಬೆಳಕು ನಡುಗೂದು ಅಂತೈತಿ. ಶಬ್ದ ಕರೆಂಟಿಗಿಂತ ನೂರಾರು ವರ್ಷ ಹಳೇದು. ಮೊದಲೆಲ್ಲಾ ಹಕ್ಕಿ ರೆಕ್ಕಿ ಬಡಿಯೂದಕ್ಕ ಹಂಗ ಅಂತಿದ್ರಂತ."

ನನ್ನ ತಲೆ ಗಿರ್ ಎಂದಿತು. ಹಕ್ಕಿಗೆ ಸ್ಟಾರ್ಟರ್ ಎಲ್ಲಿ? ದೀಪಕ್ಕೆ ರೆಕ್ಕೆ ಎಲ್ಲಿ? ತುಂಬಿಹೋದ ಮೇಲೆ ಮನೆಗೆ ತಂದಿಟ್ಟುಕೊಂಡಿದ್ದ ರಿಪೇರಿ ಪುಸ್ತಕವನ್ನು ಸಾಕ್ಷಿಗೆಂದು ಬಿಚ್ಚಿದೆ. ಮಗಳು ಓದಿದಳು: ದೂರು, ಫ್ಲಿಕರ್. ಕಾರಣ, ಫ್ಲಿಕರ್. ಪುಟಪುಟವೂ ಹಾಗೆಯೇ. "ಜ್ವರ ಯಾಕ ಬಂತು ಅಂದ್ರ ಜ್ವರ ಬಂತು ಅಂದಂಗಾತಲ್ಲಪ್ಪಾ! ನಾಳೆ ನಾ ಏನ್ ಹೇಳ್ಲಿ?" ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಲಿಲ್ಲ. "ಸಂತಿಯಿಂದ ಕೋಳಿ ಕಾಲು ಹಿಡಿದು ತರ್ತೀರಲ್ರೀ, ಪಟಪಟ ಅಂತೈತಿ, ಒಂದು ಗಳಿಗಿ ಸುಮ್ಮನಾಗತೈತಿ, ಮತ್ತ ಪಟಪಟ. ನಿಮ್ಮ ಟ್ಯೂಬೂ ಹಂಗ ಅಲ್ಲೇನ್ರೀ? ಇದಕ್ಕೇನು ಪುಸ್ತಕ ಬೇಕು?"

ಮಗಳು ಅದನ್ನೇ ಬರೆದುಕೊಂಡಳು. ಮರುದಿನ ಜಿಗಿಯುತ್ತ ಬಂದಳು. "ಟೀಚರ್ ಭಾಳ ಚಲೋ ಅಂದ್ರು. ಯಾರು ಹೇಳಿಕೊಟ್ರು ಅಂದ್ರು. ನಮ್ಮಪ್ಪ ಅಂದೆ." ಹೆಂಡತಿ ನನ್ನತ್ತ ನೋಡಿದಳು. ನಾನು ಟ್ಯೂಬ್‌ಲೈಟಿನತ್ತ ನೋಡಿದೆ.

ಈಗ ನನ್ನ ಬಳಿ ಇರುವುದಿಷ್ಟು: ಬಂದರಿನ ಪಕ್ಕದ ಸಡಾದಲ್ಲಿ ಒಂದು ಮನೆ, ಒಬ್ಬಳು ಹೆಂಡತಿ, ಒಬ್ಬಳು ಮಗಳು, ಒಂದು ಟೆಸ್ಟರ್, ತಂತಿ ಹಿಡಿಯುವ ಎರಡು ಪಕ್ಕಡ. ಅರ್ಥ ಗೊತ್ತಿರುವ ಇಂಗ್ಲಿಷ್ ಶಬ್ದ ಒಂದು. ಮಗಳು ಇನ್ನೂ ಕೇಳದೆ ಬಿಟ್ಟಿರುವ ಶಬ್ದ ನಾಲ್ಕು.